ಟ್ರಿಪ್ಸ್‌ಡ್ರಿಲ್: ಅತ್ತೆ-ಮಾವ, ಇಬ್ಬರು ಮಕ್ಕಳು, ಮೊಟ್ಟೆಯೂ ಇಲ್ಲದ ಸಸ್ಯಾಹಾರ. ಒಂದು ದಿನ ಸಾಕಾ?

ಸಿಂಡೆಲ್‌ಫಿಂಗನ್ ಸೊಸೆ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅತ್ತೆ-ಮಾವ ಮೈಸೂರಿನಿಂದ ಬರುತ್ತಿದ್ದಾರೆ. ಇಲ್ಲಿ ಜರ್ಮನಿಯ ಕ್ಲೇಬ್ರಾನ್ ಊರಿನ ಟ್ರಿಪ್ಸ್‌ಡ್ರಿಲ್ ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಮಾವನಿಗೆ 71, ಮಂಡಿನೋವು. ಅತ್ತೆ ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ. ಇಬ್ಬರಿಗೂ ಮೊಟ್ಟೆ ಕೂಡ ಆಗುವುದಿಲ್ಲ. ಮಕ್ಕಳಿಗೆ 4 ಮತ್ತು 9 ವರ್ಷ. ನಮ್ಮಿಬ್ಬರ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ಪ್ರಾದೇಶಿಕ ರೈಲು, ಬಸ್ಸುಗಳ ತಿಂಗಳ ಪಾಸು) ಇದೆ, ಕಾರು ಇಲ್ಲ.

ಕಾರಿಲ್ಲದೆ ಹೋಗಿ ಬರಬಹುದಾ? ರೋಲರ್ ಕೋಸ್ಟರ್ ಹತ್ತದ ಹಿರಿಯರಿಗೆ ಅಲ್ಲಿ ನೋಡಲು ಏನಿದೆ? ಅವರು ತಿನ್ನುವಂಥದ್ದು ಏನು ಸಿಗುತ್ತದೆ? ಇನ್ನೂ ದೊಡ್ಡ ಮನರಂಜನಾ ಪಾರ್ಕಾದ ಯುರೋಪಾ-ಪಾರ್ಕ್ ಬಿಟ್ಟು ಇಲ್ಲಿಗೆ ಹೋಗುವುದರಲ್ಲಿ ಅರ್ಥ ಇದೆಯಾ ಅನ್ನುವುದನ್ನೂ ತಿಳಿದವರು ಹೇಳಿ.

ನೆಕ್ಕರ್ ದಂಡೆ

ಕೊನೆಯ ಪ್ರಶ್ನೆಯನ್ನೇ ಮೊದಲು ಮುಗಿಸುತ್ತೇನೆ. ಹಿರಿಯರ ಜೊತೆ ಹೋಗುವುದಾದರೆ ಟ್ರಿಪ್ಸ್‌ಡ್ರಿಲ್ಲೇ ಸರಿ. ಯುರೋಪಾ-ಪಾರ್ಕಿನ ಗಾತ್ರಕ್ಕೇ ಅರ್ಧ ದಿನ ನಡೆಯುವುದರಲ್ಲಿ ಹೋಗುತ್ತದೆ. ಅದೂ ಅಲ್ಲದೆ ಅದು ಇರುವುದು ಬಾಡೆನ್ ಸೀಮೆಯಲ್ಲಿ. ಬಾಡೆನ್ ಮತ್ತು ವ್ಯುರ್ಟೆಂಬರ್ಗ್ ಒಂದೇ ರಾಜ್ಯವಾದದ್ದು 1952ರಲ್ಲಿ, ಪರಸ್ಪರ ಕಾಲೆಳೆಯುವುದು ಇನ್ನೂ ನಿಂತಿಲ್ಲ. ಟ್ರಿಪ್ಸ್‌ಡ್ರಿಲ್ ಅಪ್ಪಟ ಶ್ವಾಬಿಯನ್ ಜಾಗ, ಅಂದರೆ ವ್ಯುರ್ಟೆಂಬರ್ಗ್ ಕಡೆಯವರದು. 1880ರ ಸುಮಾರಿನ ಶ್ವಾಬಿಯನ್ ಹಳ್ಳಿ ಅನ್ನುವ ಕಲ್ಪನೆಯ ಮೇಲೆ ಇಡೀ ಪಾರ್ಕು ಕಟ್ಟಿದ್ದಾರೆ.

ಈಗ ದಾರಿ. ಪಾರ್ಕಿನ ಬಾಗಿಲಿಗೆ ರೈಲು ಇಲ್ಲ. ಲೌಫೆನ್‌ನಿಂದ ತ್ಸಾಬರ್‌ಗಾಯ್ ಕಣಿವೆಯೊಳಗೆ ಒಂದು ಕವಲು ರೈಲುಮಾರ್ಗ ಇತ್ತು, ಅದರಲ್ಲಿ ಪ್ರಯಾಣಿಕರ ಓಡಾಟ 1986ರಲ್ಲೇ ನಿಂತಿತು. ಹಾಗಾಗಿ ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದಿಂದ ಹೈಲ್‌ಬ್ರಾನ್ ಕಡೆಗೆ ಹೋಗುವ ಪ್ರಾದೇಶಿಕ ರೈಲು ಹಿಡಿದು ಬೀಟಿಗ್‌ಹೈಮ್-ಬಿಸಿಂಗನ್‌ನಲ್ಲೋ ಲೌಫೆನ್‌ನಲ್ಲೋ ಇಳಿದು ಬಸ್ಸಿಗೆ ಬದಲಾಯಿಸಬೇಕು. ಬೀಟಿಗ್‌ಹೈಮ್‌ವರೆಗೆ ಎಸ್5 ಅನ್ನುವ ಉಪನಗರ ರೈಲು ಕೂಡ ಹೋಗುತ್ತದೆ, ನಿಲ್ದಾಣ ಜಾಸ್ತಿ ಅಷ್ಟೆ. ಯಾವ ಊರಲ್ಲಿ ಇಳಿಯಬೇಕು ಅನ್ನುವುದನ್ನು ಬಸ್ಸು ನೋಡಿ ತೀರ್ಮಾನಿಸಿ, ರೈಲು ನೋಡಿ ಅಲ್ಲ. ರೈಲು ಆಗಾಗ ಇದೆ, ಬಸ್ಸು ಹಾಗಿಲ್ಲ. ಆ್ಯಪಿನಲ್ಲಿ ಊರಿನ ಹೆಸರು ಕ್ಲೇಬ್ರಾನ್ ಅಂತ ಹಾಕಿದರೆ ಊರೊಳಗೆ ಇಳಿಸುತ್ತದೆ, ಅಲ್ಲಿಂದ ಪಾರ್ಕಿಗೆ ಮತ್ತೆ ನಡಿಗೆ. ನಿಲ್ದಾಣದ ಜಾಗದಲ್ಲಿ ಟ್ರಿಪ್ಸ್‌ಡ್ರಿಲ್ ಅಂತಲೇ ಹಾಕಿ.

ಎಡವುವುದು ಸಾಮಾನ್ಯವಾಗಿ ಬರುವಾಗ. ಪಾರ್ಕು ಮುಚ್ಚುವ ಹೊತ್ತಿಗೆ ಎಲ್ಲರೂ ಒಂದೇ ಬಸ್ಸಿಗೆ ಬರುತ್ತಾರೆ. ಅದು ತಪ್ಪಿದರೆ ಮುಂದಿನದು ಯಾವಾಗ ಅನ್ನುವುದನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಇದು ದ್ರಾಕ್ಷಿ ತೋಟಗಳ ನಡುವಿನ ಹಳ್ಳಿ. ಕೈ ಬೀಸಿದರೆ ಟ್ಯಾಕ್ಸಿ ನಿಲ್ಲುವುದಿಲ್ಲ, ಮೊದಲೇ ಫೋನ್ ಮಾಡಿ ಕರೆಸಬೇಕು. ಸ್ಟುಟ್‌ಗಾರ್ಟ್ ಸುತ್ತ ಹಳಿ ಕೆಲಸ ಇದ್ದರೆ ರೈಲಿನ ಬದಲು ಬಸ್ಸು ಓಡಿಸುತ್ತಾರೆ. ವೇಳಾಪಟ್ಟಿಯಲ್ಲಿ ಎಸ್‌ಇವಿ ಅಂತ ಕಂಡರೆ ಹೆಚ್ಚು ಸಮಯ ಇಟ್ಟುಕೊಳ್ಳಿ.

ಟಿಕೆಟಿನ ಲೆಕ್ಕ ಹೀಗೆ. ಡಾಯ್ಚ್‌ಲಾಂಡ್ ಟಿಕೆಟ್ ಅವರವರಿಗೆ ಮಾತ್ರ, ಮಕ್ಕಳನ್ನು ಅದರಲ್ಲಿ ಸೇರಿಸುವ ಹಾಗಿಲ್ಲ. 4 ವರ್ಷದ ಮಗುವಿಗೆ ಹೇಗೂ ಟಿಕೆಟ್ ಬೇಡ, 6 ತುಂಬುವವರೆಗೆ ಉಚಿತ. 9ರ ಮಗುವಿಗೆ ಬೇಕು. ಆದರೆ ಅತ್ತೆ-ಮಾವನಿಗೆ ಇಬ್ಬರ ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್, ಅಂದರೆ ರಾಜ್ಯದೊಳಗಿನ ಒಂದು ದಿನದ ಪಾಸು, ತೆಗೆದರೆ 6ರಿಂದ 14ರ ಮೊಮ್ಮಗು ಅದರಲ್ಲೇ ಬರುತ್ತದೆ. ಅಂದರೆ ಆರು ಜನಕ್ಕೆ ನೀವು ಹೊಸದಾಗಿ ಕೊಳ್ಳುವುದು ಒಂದೇ ಟಿಕೆಟ್. ಅದರ ಮೇಲೆ ಹೆಸರು ಬರೆಯಲೇಬೇಕು, ಬರೆಯದಿದ್ದರೆ ಟಿಕೆಟ್ ಇಲ್ಲದ ಲೆಕ್ಕ. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವೇ ಚಾಲ್ತಿ, ಶನಿವಾರ, ಭಾನುವಾರ ಮತ್ತು ರಜೆಗಳಲ್ಲಿ ಮಧ್ಯರಾತ್ರಿಯಿಂದ. ಐಸಿ, ಐಸಿಇ ಅನ್ನುವ ದೂರದ ವೇಗದ ರೈಲುಗಳಿಗೆ ಎರಡೂ ನಡೆಯುವುದಿಲ್ಲ.

ಜನ ಕಡಿಮೆ ಇರಬೇಕೆಂದರೆ ಮೇ ತಿಂಗಳ ಮೊದಲೆರಡು ವಾರದಲ್ಲಿ ಒಂದು ಮಂಗಳವಾರವೋ ಬುಧವಾರವೋ ನೋಡಿಕೊಳ್ಳಿ.

ಶಾಲೆಬೀದಿ

ಮೇಲಿನವರ ದಾರಿ, ಟಿಕೆಟಿನ ಮಾತು ಸರಿ. ಮಂಗಳವಾರ ಮಾತ್ರ ಆಗುವುದಿಲ್ಲ. 9 ವರ್ಷದ ಮಗು ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿರುತ್ತದೆ. ಇಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ. ಅಜ್ಜಿ-ತಾತ ಬಂದಿದ್ದಾರೆ ಅಂತ ಒಂದು ದಿನ ಬಿಡಿಸುವ ಹಾಗಿಲ್ಲ.

ಉಳಿಯುವುದು ವಾರಾಂತ್ಯ ಮತ್ತು ರಜೆ. ಈಸ್ಟರ್ ಆದ 50ನೆಯ ದಿನಕ್ಕೆ ಬರುವ ಪ್ಫಿಂಗ್‌ಸ್ಟನ್ ಹಬ್ಬದ ಹಿಂದೆಯೇ ಬಾಡೆನ್-ವ್ಯುರ್ಟೆಂಬರ್ಗಿನಲ್ಲಿ ಸುಮಾರು ಎರಡು ವಾರ ಶಾಲೆಗೆ ರಜೆ, ಮೇ ಕೊನೆಗೋ ಜೂನ್ ಮೊದಲಿಗೋ ಬೀಳುತ್ತದೆ. ಆ ರಜೆಯ ವಾರದ ದಿನ ಕೂಡ ಗಿಜಿಗಿಜಿ. ಯೇಸುವಿನ ಸ್ವರ್ಗಾರೋಹಣದ ಗುರುವಾರ ಮತ್ತು ಅದರ ಮರುದಿನದ ಶುಕ್ರವಾರ ಇನ್ನೂ ಕಷ್ಟ, ಅರ್ಧ ಊರು ಆ ಶುಕ್ರವಾರ ರಜೆ ಹಾಕಿಕೊಂಡಿರುತ್ತದೆ. ಆದರೆ ಪ್ರತಿ ಶಾಲೆಗೂ ತಾನೇ ಗೊತ್ತುಮಾಡಿಕೊಳ್ಳುವ ಕೆಲವು ಸಡಿಲ ರಜೆಗಳಿವೆ, ಬೆವೇಗ್‌ಲಿಖೆ ಫೇರಿಯನ್‌ಟಾಗೆ ಅನ್ನುತ್ತಾರೆ. ಪಕ್ಕದ ಊರಿಗೆ ಅದೇ ದಿನ ರಜೆ ಇರಬೇಕೆಂದಿಲ್ಲ. ಶಾಲೆಯ ಕ್ಯಾಲೆಂಡರಿನಲ್ಲಿ ಅಂಥ ದಿನ ಮೇ ತಿಂಗಳಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ಹಿಡಿದುಬಿಡಿ. ಸಿಗದಿದ್ದರೆ ಮೋಡ ಕವಿದ ಶನಿವಾರ. ಬಿಸಿಲಿರುವ ಭಾನುವಾರ ಬೇಡ. ಹವಾಮಾನ ನೋಡಿಕೊಂಡು ಎರಡು ದಿನ ಮೊದಲು ಆನ್‌ಲೈನ್ ಟಿಕೆಟ್ ತೆಗೆಯಿರಿ. 4 ವರ್ಷ ತುಂಬಿದ ಮಗುವಿಗೆ ಪಾರ್ಕಿನಲ್ಲಿ ಮಕ್ಕಳ ಟಿಕೆಟ್ ಬೇಕಾಗುತ್ತದೆ, ರೈಲಿನ ನಿಯಮ ಬೇರೆ, ಪಾರ್ಕಿನದು ಬೇರೆ.

ಇನ್ನೊಂದು: ಭಾನುವಾರ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ, ಬಂದ ಅತಿಥಿಗಳಿಗೆ ಗೊತ್ತಿರುವುದಿಲ್ಲ. ನೀರು, ಹಣ್ಣು, ಮೊಸರು ಶನಿವಾರ ಸಂಜೆಯೊಳಗೆ ಮನೆಯಲ್ಲಿರಲಿ.

ಬೋಬ್ಲಿಂಗನ್ ಒಗ್ಗರಣೆ

ಊಟದ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಶ್ವಾಬಿಯನ್ ಅಡಿಗೆಯಲ್ಲಿ ಮಾಂಸ ಕಣ್ಣಿಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ಅದು ಸಾರಿನಲ್ಲಿರುತ್ತದೆ.

ಕಾರ್ಟೋಫೆಲ್‌ಸಲಾಟ್ ನೋಡಿ. ಹೆಸರು ಆಲೂಗಡ್ಡೆ ಸಲಾಡ್, ನೋಡಲು ಆಲೂಗಡ್ಡೆ ಮತ್ತು ಈರುಳ್ಳಿ. ಉತ್ತರ ಜರ್ಮನಿಯವರ ಹಾಗೆ ಮೇಯನೇಸ್ ಕೂಡ ಹಾಕುವುದಿಲ್ಲ. ಆದರೆ ಬೇಯಿಸಿದ ಆಲೂಗಡ್ಡೆಯನ್ನು ಬಿಸಿ ಇರುವಾಗಲೇ ತೆಳ್ಳಗೆ ಹೆಚ್ಚಿ, ಅದರ ಮೇಲೆ ಬಿಸಿ ಮಾಂಸದ ಸಾರು ಸುರಿಯುತ್ತಾರೆ, ಆಮೇಲೆ ವಿನಿಗರ್, ಸಾಸಿವೆ, ಕೊನೆಗೆ ಎಣ್ಣೆ. ಆಲೂಗಡ್ಡೆ ಸಾರನ್ನು ಕುಡಿದು ಜಾರುಜಾರಾಗಿ ನಿಂತರೆ ಚೆನ್ನಾಗಿದೆ ಅಂತ ಅರ್ಥ, ಅದಕ್ಕೆ ಶ್ಲೋಂಟ್ಸಿಗ್ ಅನ್ನುವ ಪದವೇ ಇದೆ. ಫ್ಲೇಡ್ಲೆಸುಪ್ಪೆ ಅಂದರೆ ತೆಳುವಾದ ದೋಸೆಯಂಥದ್ದನ್ನು ರಿಬ್ಬನ್ನಿನ ಹಾಗೆ ಕತ್ತರಿಸಿ ಹಾಕಿದ ಸೂಪು. ದೋಸೆಯಲ್ಲಿ ಮೊಟ್ಟೆ, ಸೂಪು ಗೋಮಾಂಸದ್ದು. ಲಿನ್ಸನ್ ಅಂದರೆ ಬೇಳೆ ಅಂತ ಖುಷಿಪಡುವ ಹಾಗಿಲ್ಲ, ಹಂದಿ ಕೊಬ್ಬಿನ ತುಂಡು ಹಾಕಿ ಕುದಿಸಿರುತ್ತಾರೆ, ಜೊತೆಗೆ ಸಾಸೇಜು.

ಮೌಲ್‌ಟಾಶನ್ ಇಲ್ಲಿಯ ಹೆಮ್ಮೆಯ ತಿಂಡಿ. ಹಿಟ್ಟಿನ ಹಾಳೆಯೊಳಗೆ ಕೊಚ್ಚಿದ ಮಾಂಸ, ಪಾಲಕ್, ಬ್ರೆಡ್ಡು ತುಂಬಿ ಬೇಯಿಸಿದ್ದು. ಉಪವಾಸದ ದಿನ ದೇವರ ಕಣ್ಣಿಗೆ ಮಾಂಸ ಕಾಣದಿರಲಿ ಅಂತ ಹಿಟ್ಟಿನಲ್ಲಿ ಮುಚ್ಚಿಟ್ಟರು ಅನ್ನುವ ಕತೆ ಇದೆ, ಅದಕ್ಕೇ ದೇವರಿಗೇ ಟೋಪಿ ಹಾಕುವ ಪುಟಾಣಿ ಅನ್ನುವ ಅರ್ಥದ ಅಡ್ಡಹೆಸರೂ ಇದೆ. ತರಕಾರಿ ತುಂಬಿದ್ದೂ ಸಿಗುತ್ತದೆ, ಗೆಮ್ಯೂಸೆ-ಮೌಲ್‌ಟಾಶನ್. ಅದನ್ನೂ ಕೆಲವು ಕಡೆ ಮಾಂಸದ ಸಾರಿನಲ್ಲೇ ಬಿಸಿ ಮಾಡುತ್ತಾರೆ, ಹಿಟ್ಟಿನಲ್ಲಿ ಮೊಟ್ಟೆ ಅಂತೂ ಇದ್ದೇ ಇದೆ. ಶ್ಪೆಟ್ಸ್‌ಲೆ ಇನ್ನೂ ಸ್ಪಷ್ಟ. ಮನೆಯಲ್ಲಿ ಮಾಡುವ ಲೆಕ್ಕ ಅರ್ಧ ಕಿಲೋ ಮೈದಾಕ್ಕೆ ನಾಲ್ಕೈದು ಮೊಟ್ಟೆ. ನಮ್ಮ ಶಾವಿಗೆ ಒತ್ತಿನಂಥದ್ದರಲ್ಲಿ ಕುದಿಯುವ ನೀರಿಗೆ ಒತ್ತುವುದನ್ನು ನೋಡಿದರೆ ಅತ್ತೆಯವರಿಗೆ ಇಷ್ಟವಾಗಬಹುದು, ತಿನ್ನಲಿಕ್ಕಲ್ಲ. ನೀವು ಮೊಟ್ಟೆ ತಿನ್ನುವವರಾದರೆ ಚೀಸ್ ಮತ್ತು ಹುರಿದ ಈರುಳ್ಳಿ ಹಾಕಿದ ಕೇಸೆಶ್ಪೆಟ್ಸ್‌ಲೆ ತಗೊಳ್ಳಿ, ಹೊಟ್ಟೆ ತುಂಬುತ್ತದೆ. ಆ ಚೀಸು ಹಾಲು ಒಡೆಸಲು ಬಳಸುವ, ಕರುವಿನ ಹೊಟ್ಟೆಯ ರೆನೆಟ್‌ನಿಂದ ಆದದ್ದಿರಬಹುದು. ಅದನ್ನೂ ನೋಡುವವರಾದರೆ ಬಿಡಿ.

ಗಂಟು ಹಾಕಿದಂಥ ಬ್ರೆಡ್ಡು ಬ್ರೆಟ್ಸೆಲ್ ಬಗ್ಗೆ ಎಲ್ಲರೂ ಧೈರ್ಯ ಹೇಳುತ್ತಾರೆ. ಶ್ವಾಬಿಯನ್ ಬ್ರೆಟ್ಸೆಲ್‌ಗೆ ಹೊಟ್ಟೆ ದಪ್ಪ, ಅದರ ಮೇಲೆ ಒಂದು ಸೀಳು, ಕೈ ಸಣಕಲು ಮತ್ತು ಗರಿಗರಿ. ಹಿಟ್ಟಿಗೆ ಬೆಣ್ಣೆಯನ್ನೂ ಹಾಕುತ್ತಾರೆ, ಹಳೆಯ ಪದ್ಧತಿಯವರು ಹಂದಿಯ ಕೊಬ್ಬನ್ನೂ ಹಾಕುತ್ತಾರೆ. ಕೇಳಿಯೇ ಕೊಳ್ಳಿ. ಮಕ್ಕಳ ಕೈಗೆ ಬರುವ ಅಂಟಂಟು ಕರಡಿ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜಿಲೆಟಿನ್. ಪೊಮ್ಮೆಸ್, ಅಂದರೆ ಆಲೂಗಡ್ಡೆ ಫ್ರೈ, ಸಸ್ಯದ ಎಣ್ಣೆಯದ್ದೇ ಆದರೂ ಅದೇ ಬಾಣಲೆಯಲ್ಲಿ ಮಾಂಸದ ಶ್ನಿಟ್ಸೆಲ್ ಕೂಡ ಮುಳುಗಿ ಏಳುತ್ತಿರುತ್ತದೆ.

ಕೇಳುವ ರೀತಿ ಮುಖ್ಯ. "ಓನೆ ಫ್ಲೈಶ್", ಮಾಂಸ ಬೇಡ, ಅಂದರೆ ತುಂಡು ಇರುವುದಿಲ್ಲ, ಸಾರು ಇರುತ್ತದೆ. ಕೌಂಟರಿನವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ಸಾರು ಮಾಂಸವೇ ಅಲ್ಲ. ಹಾಗಾಗಿ "ಇಸ್ಟ್ ದಾ ಫ್ಲೈಶ್‌ಬ್ರ್ಯೂಎ ದ್ರಿನ್?" ಅಂತ ಕೇಳಿ, ಇದರಲ್ಲಿ ಮಾಂಸದ ಸಾರು ಇದೆಯಾ ಅಂತ. ಮೊಟ್ಟೆಗೆ "ಇಸ್ಟ್ ದಾ ಐ ದ್ರಿನ್?", ಕೊಬ್ಬಿಗೆ "ಇಸ್ಟ್ ದಾ ಶ್ಮಾಲ್ಟ್ಸ್ ದ್ರಿನ್?". ವೇಗನ್ ಇದೆಯಾ ಅಂತ ಕೇಳುವುದು ಇನ್ನೂ ಸುಲಭ. ಅದಕ್ಕೆ ಹೌದು ಅಂದರೆ ಮೂರೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ಸಲಹೆ: ಬುತ್ತಿ ಕಟ್ಟಿಕೊಳ್ಳಿ. ಪಾರ್ಕಿನಲ್ಲಿ ಕೂತು ತಿನ್ನಲು ಬೆಂಚು, ಮೇಜು, ನೆರಳು ಎಲ್ಲ ಇದೆ. ಪುಳಿಯೋಗರೆ ಎಲ್ಲಕ್ಕಿಂತ ಗಟ್ಟಿ, ಹುಣಸೆ ಮತ್ತು ಎಣ್ಣೆ ಇರುವುದರಿಂದ ಸಂಜೆವರೆಗೂ ಕೆಡುವುದಿಲ್ಲ. ಚಿತ್ರಾನ್ನ ತಣ್ಣಗಾದರೆ ಇಲ್ಲಿಯ ಚಳಿಗೆ ಅಕ್ಕಿ ಬಿರುಸಾಗುತ್ತದೆ, ಎಣ್ಣೆ ಒಂದು ಚಮಚ ಹೆಚ್ಚು ಹಾಕಿ. ಮೊಸರನ್ನಕ್ಕೆ ಊರಿನ ಪ್ರಯಾಣದ ಉಪಾಯವೇ ಸರಿ, ಆದರೆ ಒಂದು ಬದಲಾವಣೆ ಬೇಕು. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಹಾಕಿ ಮೆತ್ತಗೆ ಬೇಯಿಸಿ ಮಸೆದು, ಎರಡು ಲೋಟ ಉಗುರುಬೆಚ್ಚಗಿನ ಹಾಲು, ಎರಡು ಚಮಚ ಮೊಸರು ಕಲಸಿ. ಮೈಸೂರಿನ ಸೆಕೆಗೆ ಅದು ಮಧ್ಯಾಹ್ನದ ಹೊತ್ತಿಗೆ ತಾನೇ ಹೆಪ್ಪಾಗುತ್ತದೆ. ಇಲ್ಲಿ ಮೇ ತಿಂಗಳ ಬೆಳಿಗ್ಗೆ 8-10 ಡಿಗ್ರಿ ಇದ್ದರೆ ಹಾಲನ್ನವಾಗಿಯೇ ಉಳಿಯುತ್ತದೆ. ಬೆಳಿಗ್ಗೆ 6ಕ್ಕೆ ಕಲಸಿ ಬೆಚ್ಚಗಿರುವಾಗಲೇ ಹಾಟ್‌ಬಾಕ್ಸಿನಲ್ಲಿ ಮುಚ್ಚಿಡಿ. ಹಾಲು ಕೈಗೆ ಸುಡುವಷ್ಟು ಬಿಸಿ ಇದ್ದರೆ ಹೆಪ್ಪು ಸತ್ತುಹೋಗುತ್ತದೆ. ಅಂಗಡಿಯ ಮೊಸರು ನಾಟುರ್‌ಯೋಗುರ್ಟ್ 3.5 ಪರ್ಸೆಂಟಿನದು ಸಾಕು, ಡಬ್ಬಿಯ ಮೇಲೆ ಗೆಲಾಟೀನೆ, ಅಂದರೆ ಜಿಲೆಟಿನ್, ಅಂತ ಇಲ್ಲ ಅನ್ನುವುದನ್ನು ಒಮ್ಮೆ ನೋಡಿಕೊಳ್ಳಿ.

ಹಳೇ ಗಿರಣಿ

ಹಿರಿಯರಿಗೆ ಏನಿದೆ ಅಂತ ಕೇಳಿದ್ದೀರಿ. ಅಲ್ಲಿ ಇರುವುದೇ ಹೆಸರುಗಳಲ್ಲಿ. ಅರ್ಥ ಹೇಳುವವರು ಜೊತೆಗಿದ್ದರೆ ಸವಾರಿ ಹತ್ತದವರೂ ನಗುತ್ತಾರೆ, ಹೇಳುವವರಿಲ್ಲದಿದ್ದರೆ ಬರೀ ಮರದ ಕಟ್ಟಡಗಳು. ಸೊಸೆಯವರ ಕೆಲಸ ಅದು.

ಟ್ರಿಪ್ಸ್‌ಡ್ರಿಲ್ ಅನ್ನುವ ಪದ ಪಾರ್ಕಿಗಿಂತ ಹಳೆಯದು. ಕ್ಲೇಬ್ರಾನ್ ಪಕ್ಕದ ಟ್ರೆಫೆಂಟ್ರಿಲ್ ಅನ್ನುವ ಪುಟ್ಟ ಜಾಗದ ಹೆಸರು ಬಾಯಿಂದ ಬಾಯಿಗೆ ಹೀಗಾಯಿತು. ಎಲ್ಲಿಗೆ ಹೊರಟೆ ಅಂತ ಯಾರಾದರೂ ಕೇಳಿದರೆ, ಹೇಳಲು ಮನಸ್ಸಿಲ್ಲದವರು "ಟ್ರಿಪ್ಸ್‌ಡ್ರಿಲ್‌ಗೆ" ಅನ್ನುತ್ತಿದ್ದರು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅನ್ನುವ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಇಲ್ಲದ ಊರಿನಲ್ಲಿ ಒಂದು ಗಿರಣಿ ಇದೆ, ಮೇಲಿಂದ ಮುದುಕಿಯರನ್ನು ಹಾಕಿದರೆ ಕೆಳಗಿಂದ ಹರೆಯದ ಹುಡುಗಿಯರು ಬರುತ್ತಾರೆ ಅನ್ನುವುದು ಜನಪದದ ತಮಾಷೆ. 1929ರಲ್ಲಿ ಓಯ್ಗೆನ್ ಫಿಶರ್ ಆ ಗಿರಣಿಯನ್ನು ನಿಜವಾಗಿಯೇ ಕಟ್ಟಿಸಿ ಒಳಗೆ ಜಾರುಬಂಡೆ ಇಟ್ಟರು. ಅದೇ ಆಲ್ಟ್‌ವೈಬರ್‌ಮ್ಯೂಲೆ, ಮುದುಕಿಯರ ಗಿರಣಿ. ಅಲ್ಲಿಂದ ಲೆಕ್ಕ ಹಾಕಿ ಟ್ರಿಪ್ಸ್‌ಡ್ರಿಲ್ ಅನ್ನು ಜರ್ಮನಿಯ ಅತಿ ಹಳೆಯ ಮನರಂಜನಾ ಪಾರ್ಕು ಅನ್ನುತ್ತಾರೆ. ಮೊದಲ ಗಿರಣಿ 1946ರಲ್ಲಿ ಸುಟ್ಟುಹೋಯಿತು, 1950ರಲ್ಲಿ ಮತ್ತೆ ಕಟ್ಟಿದರು. ಈಗಲೂ ಪಾರ್ಕನ್ನು ಫಿಶರ್ ಕುಟುಂಬವೇ ನಡೆಸುತ್ತಿದೆ. ಒಳಗೆ ಮೇಲಕ್ಕೆ ಹತ್ತುವುದಿದೆ, ಮಂಡಿನೋವಿನವರು ಹೊರಗೆ ನಿಂತು ಕೆಳಗೆ ಯಾರು ಎಷ್ಟು ಹರೆಯದವರಾಗಿ ಬಂದರು ಅಂತ ನೋಡಲಿ.

ಉಳಿದ ಹೆಸರುಗಳೂ ಹೀಗೇ. ಗ್ಸೆಂಗ್ಟೆ ಸೌ, ಅಂದರೆ ಬೆಂಕಿ ತಾಗಿದ ಹಂದಿ. ಗಾಡಿಯನ್ನು ಯದ್ವಾತದ್ವಾ ಓಡಿಸುವವನಿಗೆ ಬೆಂಕಿ ತಾಗಿದ ಹಂದಿಯ ಹಾಗೆ ಓಡಿಸುತ್ತಾನೆ ಅನ್ನುವುದು ಜರ್ಮನ್ ಮಾತು. 1998ರ ಈ ಕೋಸ್ಟರ್ ಎತ್ತರದಲ್ಲಿ ದೊಡ್ಡದಲ್ಲ, ತಿರುವುಗಳಲ್ಲಿ ಮೈಯನ್ನು ಬದಿಗೆ ಎಸೆಯುತ್ತದೆ, ಬೆನ್ನು ಕುತ್ತಿಗೆ ಸರಿಯಿಲ್ಲದವರು ದೂರ ಇರಲಿ. ಡಾನರ್‌ಬಾಲ್ಕನ್, ಗುಡುಗಿನ ತೊಲೆ, ಅಂದರೆ ಹಳೇ ಕಾಲದ ಬಯಲು ಕಕ್ಕಸಿನಲ್ಲಿ ಸಾಲಾಗಿ ಕೂರಲು ಹಾಕುತ್ತಿದ್ದ ಅಡ್ಡಮರ. ಗುಡುಗು ಯಾಕೆ ಅಂತ ಮಕ್ಕಳಿಗೆ ಹೇಳಿದರೆ ಇಡೀ ದಿನ ಅದೇ ಮಾತು. ಆ ಅಡ್ಡಮರದಲ್ಲಿ ಕೂರಿಸಿ ಮೇಲಕ್ಕೆತ್ತಿ ಕೆಳಕ್ಕೆ ಬಿಡುತ್ತಾರೆ. ಸ್ನಾನದ ತೊಟ್ಟಿಯಲ್ಲಿ ಕೂರಿಸಿ ಯೌವನದ ಬುಗ್ಗೆಗೆ ಕರೆದುಕೊಂಡು ಹೋಗುವ ನೀರಿನ ಸವಾರಿ ಇದೆ, ಬಟ್ಟೆ ಒಗೆಯುವ ಬಾನಿಯಲ್ಲಿ ತೇಲಿಸುವುದಿದೆ, ಸೂಪಿನ ಬಟ್ಟಲಲ್ಲಿ ಕೂರಿಸುವುದಿದೆ. ಆ ಕಾಲದ ಮನೆಬಳಕೆಯ ಸಾಮಾನೇ ಇಲ್ಲಿ ವಾಹನ. ಒನಕೆ, ಬೀಸುಕಲ್ಲು ಕಂಡ ತಲೆಮಾರು ಬಾನಿ, ತೊಟ್ಟಿ, ತೊಲೆಗಳನ್ನು ನಮಗಿಂತ ಬೇಗ ಗುರುತು ಹಿಡಿಯುತ್ತದೆ.

ಶ್ವಾಬಿಯನ್ ಆಡುಮಾತಿನ ಒಂದು ಕೀಲಿಕೈ ಕೊಡುತ್ತೇನೆ. ಪದದ ಕೊನೆಗೆ "ಲೆ" ಸೇರಿಸಿದರೆ ವಸ್ತು ಪುಟ್ಟದೂ ಮುದ್ದಿನದೂ ಆಗುತ್ತದೆ. ಮನೆ ಹೌಸ್, ಪುಟ್ಟ ಮನೆ ಹೊಯ್ಸ್‌ಲೆ. ಕಾಲು ಲೀಟರ್ ವೈನ್ ಫೀರ್‌ಟೆಲೆ, ಹಿಡಿ ಇರುವ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಪಾರ್ಕಿನೊಳಗೆ ವಿನಾರಿಯಂ ಅನ್ನುವ ವೈನ್ ವಸ್ತುಸಂಗ್ರಹಾಲಯ ಇದೆ, ಸುತ್ತಲಿನ ಕಣಿವೆಯ ಟ್ರೋಲಿಂಗರ್, ಲೆಂಬರ್ಗರ್ ಕೆಂಪು ವೈನ್‌ಗಳ ಊರು ಇದು. ಕುಡಿಯದವರೂ ಹಳೆಯ ಸಲಕರಣೆಗಳಿಗಾಗಿ ಒಳಗೆ ಹೋಗಬಹುದು. ಮಳೆ ಬಂದರೆ ತಲೆ ಮೇಲೆ ಸೂರೂ ಆಯಿತು.

ಸಿಂಡೆಲ್‌ಫಿಂಗನ್ ಸೊಸೆ

ಎಷ್ಟೊಂದು ವಿಷಯ, ತುಂಬಾ ಧನ್ಯವಾದ. ಆಲೂಗಡ್ಡೆ ಸಲಾಡಿನ ವಿಷಯ ತಿಳಿದದ್ದು ಒಳ್ಳೆಯದಾಯಿತು. ಇನ್ನು ಸೀರೆ ಉಟ್ಟು ಯಾವುದನ್ನು ಹತ್ತಬಹುದು? ಪಾರ್ಕಿಗೆ ಸೇರಿದ ಪ್ರಾಣಿಗಳ ಕಾಡನ್ನೂ ಅದೇ ದಿನ ನೋಡಿ ಮುಗಿಸಬಹುದಾ?

ನೆಕ್ಕರ್ ದಂಡೆ

ಕಾಡಿನ ಹೆಸರು ವಿಲ್ಡ್‌ಪಾರಡೀಸ್. 1970ರ ದಶಕದಲ್ಲಿ ಶುರುವಾಯಿತು. ತೋಳ, ಕರಡಿ, ಲಿಂಕ್ಸ್ ಅನ್ನುವ ಕಾಡುಬೆಕ್ಕು, ಬೇಟೆಹಕ್ಕಿಗಳಿವೆ, ಜಿಂಕೆಗಳಿಗೆ ಅಲ್ಲೇ ಸಿಗುವ ಮೇವು ಕೊಡಬಹುದು. ಮನೆಯಿಂದ ತಂದ ಚಪಾತಿ, ಬ್ರೆಡ್ಡು ಹಾಕಬೇಡಿ, ಅವುಗಳ ಹೊಟ್ಟೆ ಕೆಡುತ್ತದೆ. ಪಾರ್ಕಿನ ದಿನದ ಟಿಕೆಟಿನಲ್ಲೇ ಇದೂ ಸೇರಿದೆ. ಬೆಳಿಗ್ಗೆ ಪಾರ್ಕು, ಮಧ್ಯಾಹ್ನ ಊಟ ಆದ ಮೇಲೆ ಕಾಡು ಅನ್ನುವ ಕ್ರಮ ಸರಿ. ಪ್ರಾಣಿಗಳಿಗೆ ಊಟ ಕೊಡುವ ಹೊತ್ತು ಬಾಗಿಲಲ್ಲೇ ಬರೆದಿರುತ್ತಾರೆ, ಆ ಹೊತ್ತಿಗೆ ಹೋದರೆ ಮಾತ್ರ ತೋಳ, ಕರಡಿ ಹತ್ತಿರ ಕಾಣುತ್ತವೆ.

ಶಾಲೆಬೀದಿ

ಮತ್ತೆ ಒಪ್ಪುವುದಿಲ್ಲ, ಬೇಸರ ಬೇಡ. ಮಂಡಿನೋವು, 4 ವರ್ಷದ ಮಗು, ಬಸ್ಸಿನ ಸಮಯ, ಈ ಮೂರೂ ಇರುವಾಗ ಕಾಡನ್ನು ಅದೇ ದಿನ ಸೇರಿಸಬೇಡಿ. ಎರಡೂ ಜಾಗ ಸೇರಿ 77 ಹೆಕ್ಟೇರ್, ಕಾಡಿನ ಪಾಲೇ ಹೆಚ್ಚು. ದಾರಿ ಮಣ್ಣಿನದು, ಏರಿಳಿತದ್ದು. ಪಾರ್ಕು ಕೂಡ ಸಮತಟ್ಟಲ್ಲ, ಮಿಖಾಯೆಲ್ಸ್‌ಬರ್ಗ್ ಗುಡ್ಡದ ಬುಡದಲ್ಲಿದೆ. ಪಾರ್ಕು ನಡೆಯುವುದು ವಸಂತದಿಂದ ನವೆಂಬರ್ ಮೊದಲವರೆಗೆ ಮಾತ್ರ, ಕಾಡು ವರ್ಷಪೂರ್ತಿ ತೆರೆದಿರುತ್ತದೆ, ಅದಕ್ಕೆ ಬೇರೆ ಟಿಕೆಟ್ ಕೂಡ ಸಿಗುತ್ತದೆ. ನೀವು ಇಲ್ಲೇ ಇರುವವರು, ಮಕ್ಕಳನ್ನು ಚಳಿಗಾಲದಲ್ಲಿ ಕರೆದುಕೊಂಡು ಹೋಗಿ.

ದಿನವನ್ನು ಹೀಗೆ ಕಟ್ಟಿ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಒಬ್ಬರು 9ರ ಮಗುವನ್ನು ಕರೆದುಕೊಂಡು ನೇರ ದೊಡ್ಡ ಕೋಸ್ಟರ್‌ಗಳಿಗೆ ಹೋಗಲಿ, ಸಾಲು ಬೆಳೆಯುವುದು 11ರ ನಂತರ. ಮರದಲ್ಲೇ ಕಟ್ಟಿದ ಮಾಮುಟ್ 2008ರದು, 860 ಮೀಟರ್ ಉದ್ದ, 30 ಮೀಟರ್ ಎತ್ತರ, ಗಂಟೆಗೆ 90 ಕಿಲೋಮೀಟರ್. ಮರದ ಹಳಿಯಾದ್ದರಿಂದ ಹಿಂದಿನ ಸಾಲಿನಲ್ಲಿ ನಡುಕ ಜಾಸ್ತಿ, ಮೊದಲ ಸಲಕ್ಕೆ ನಡುವೆ ಕೂರಿಸಿ. 2013ರ ಕರಾಖೊ ನಿಂತಲ್ಲಿಂದ 1.6 ಸೆಕೆಂಡಿನಲ್ಲಿ 100 ಕಿಲೋಮೀಟರ್ ವೇಗಕ್ಕೆ ಹೋಗುತ್ತದೆ, ನಾಲ್ಕು ಸಲ ತಲೆಕೆಳಗು. 9 ವರ್ಷದ ಮಗುವಿಗೆ ಎತ್ತರ ಸಾಲುತ್ತದೋ ಇಲ್ಲವೋ ಅಂತ ಹಿಂದಿನ ರಾತ್ರಿಯೇ ಗೋಡೆಗೆ ನಿಲ್ಲಿಸಿ ಅಳೆಯಿರಿ, ಪಾರ್ಕಿನ ಜಾಲತಾಣದಲ್ಲಿ ಪ್ರತಿ ಸವಾರಿಯ ಅಳತೆ ಇದೆ. ಅರ್ಧ ಗಂಟೆ ಸಾಲಿನಲ್ಲಿ ನಿಂತು ಅಳತೆಗೋಲಿನ ಹತ್ತಿರ ವಾಪಸ್ ಬರುವ ಮಗುವಿನ ಮುಖ ನೋಡಲಾಗುವುದಿಲ್ಲ. ಫಲಕದಲ್ಲಿ "ಇನ್ ಬೆಗ್ಲೈಟುಂಗ್" ಅಂತ ಇದ್ದರೆ ದೊಡ್ಡವರ ಜೊತೆ ಮಾತ್ರ ಅಂತ ಅರ್ಥ. 2020ರಲ್ಲಿ ಬಂದ ಜೋಡಿ ಕೋಸ್ಟರ್‌ಗಳಲ್ಲಿ ಫೋಲ್‌ಡಾಂಪ್ಫ್ ಸೌಮ್ಯವಾದದ್ದು, ಕಾಲು ಜೋತುಬಿಟ್ಟು ತಲೆಕೆಳಗಾಗಿಸುವುದು ಹಾಲ್ಸ್-ಊಬರ್-ಕಾಪ್ಫ್. ಎರಡರ ಹಳಿಗಳೂ ಒಂದಕ್ಕೊಂದು ಹೆಣೆದುಕೊಂಡಿವೆ, ಕೆಳಗೆ ನಿಂತು ನೋಡುವುದೇ ಒಂದು ಆಟ.

ಅದೇ ಹೊತ್ತಿಗೆ ಅತ್ತೆ-ಮಾವ ಮತ್ತು ಸಣ್ಣ ಮಗು ಗಿರಣಿ, ನಿಧಾನದ ಸವಾರಿಗಳು, ವಿನಾರಿಯಂ. ನೀರಿನ ಸವಾರಿ ಒಂದರಿಂದ ಮೂರು ಗಂಟೆಯೊಳಗೆ ಮುಗಿಸಿ. ನಾಲ್ಕರ ಮೇಲೆ ಒದ್ದೆಯಾದ ಬಟ್ಟೆ ಮೇ ತಿಂಗಳಲ್ಲಿ ಒಣಗುವುದಿಲ್ಲ, ಒದ್ದೆಯಲ್ಲೇ ಬಸ್ಸಿಗೆ ಕಾಯಬೇಕಾಗುತ್ತದೆ. ಮಕ್ಕಳಿಗೆ ಜೀನ್ಸ್ ಬೇಡ, ಒಂದು ಜೊತೆ ಕಾಲುಚೀಲ ಹೆಚ್ಚು ಇರಲಿ. ಗುಡುಗು ಶುರುವಾದರೆ ಹೊರಗಿನ ಸವಾರಿಗಳನ್ನು ನಿಲ್ಲಿಸುತ್ತಾರೆ, ಆಗ ಒಳಗೆ ಇರುವಂಥದ್ದಕ್ಕೆ ಎಲ್ಲರೂ ನುಗ್ಗುವ ಮೊದಲೇ ಹೋಗಿಬಿಡಿ.

ಬೋಬ್ಲಿಂಗನ್ ಒಗ್ಗರಣೆ

ಸೀರೆಗೆ ಉತ್ತರ. ಕೂತುಕೊಂಡು ನಿಧಾನ ಹೋಗುವ ಎಲ್ಲದಕ್ಕೂ ಆಗುತ್ತದೆ, ಹತ್ತಿ ಇಳಿಯುವಾಗ ಮಾತ್ರ ಜಾಗ್ರತೆ. ಸೆರಗನ್ನು ಭುಜದ ಮೇಲೆ ಹಾರಲು ಬಿಡದೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡು ಪಿನ್ನು ಹಾಕಿ. ಅದರ ಮೇಲೆ ಗುಂಡಿ ಹಾಕಿದ ಸ್ವೆಟರ್ ತೊಟ್ಟರೆ ಸೆರಗು ಅಲ್ಲಾಡುವುದಿಲ್ಲ, ಚಳಿಯೂ ತಡೆಯುತ್ತದೆ. ಗಾಳಿಗೆ ಹಾರುವ ಬಟ್ಟೆ ಕಂಡರೆ ನಡೆಸುವವರು ನಿಲ್ಲಿಸಿ ಕೇಳುತ್ತಾರೆ. ಅವಮಾನ ಅಂತ ತಿಳಿಯಬಾರದು, ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಸ್ನಾನದ ತೊಟ್ಟಿಯ ಸವಾರಿ ಸೀರೆಗೆ ಬೇಡವೇ ಬೇಡ. ತೊಟ್ಟಿಯ ಅಂಚು ದಾಟಿ ಕಾಲು ಹಾಕಬೇಕು, ಒದ್ದೆ ಸೀರೆ ಕಾಲಿಗೆ ಅಂಟಿ ಇಳಿಯುವಾಗ ಮುಗ್ಗರಿಸುವ ಅಪಾಯ. ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿ ಇರುವ ಬೂಟು ಹಾಕಿಸಿ.

ಕೊಡಿಯಾಲ

ಮಾವನವರಿಗೆ ಓದುವ ಅಭ್ಯಾಸ ಇದ್ದರೆ ಒಂದು ವಿಷಯ ಸೇರಿಸುತ್ತೇನೆ. ಕ್ಲೇಬ್ರಾನ್‌ಗೆ ಅಂಟಿಕೊಂಡ ಹಾಗೆ ಇರುವ ಊರು ಬ್ರಾಕೆನ್‌ಹೈಮ್. ಜರ್ಮನ್ ಸಂಯುಕ್ತ ಗಣರಾಜ್ಯದ ಮೊದಲ ರಾಷ್ಟ್ರಾಧ್ಯಕ್ಷ ಥಿಯೋಡೋರ್ ಹೊಯ್ಸ್ 1884ರಲ್ಲಿ ಹುಟ್ಟಿದ್ದು ಅಲ್ಲಿ, ಅವರ ವಸ್ತುಸಂಗ್ರಹಾಲಯವೂ ಇದೆ. ಕನ್ನಡದವರಿಗೆ ಅದಕ್ಕಿಂತ ದೊಡ್ಡ ಹೆಸರು 1811ರ ಮೇ 29ರಂದು ಅದೇ ಊರಿನಲ್ಲಿ ಹುಟ್ಟಿತು, ಹರ್ಮನ್ ಮೊಗ್ಲಿಂಗ್. ಬಾಸೆಲ್ ಮಿಷನ್ನಿನಿಂದ 1836ರಲ್ಲಿ ಮಂಗಳೂರಿಗೆ ಬಂದು, 1843ರ ಜುಲೈ 1ರಂದು ಮಂಗಳೂರು ಸಮಾಚಾರ ಹೊರಡಿಸಿದವರು. ಕನ್ನಡದ ಮೊದಲ ಪತ್ರಿಕೆ ಅದು, ಜುಲೈ 1ನ್ನು ಪತ್ರಿಕಾ ದಿನ ಅಂತ ನಾವು ಆಚರಿಸುವುದು ಅದಕ್ಕೇ. ಕೊನೆಗಾಲ ಕಳೆದದ್ದೂ ಈ ಕಡೆಯೇ, 1881ರಲ್ಲಿ ಎಸ್ಲಿಂಗನ್‌ನಲ್ಲಿ. ಗಿರಣಿಯ ಕತೆ ಕೇಳುವ ಮಾವನಿಗೆ ಆ ಕತೆ ಹುಟ್ಟಿದ ಕಣಿವೆಯಿಂದಲೇ ನಮ್ಮ ಪತ್ರಿಕೆಯ ಮನುಷ್ಯನೂ ಬಂದ ಅಂತ ಹೇಳಿ.

ಸಿಂಡೆಲ್‌ಫಿಂಗನ್ ಸೊಸೆ

ಮಾವ ನಿವೃತ್ತ ಕನ್ನಡ ಮೇಷ್ಟ್ರು! ಮೊಗ್ಲಿಂಗ್ ಊರು ಅಂದರೆ ಪಾರ್ಕನ್ನೇ ಬಿಟ್ಟು ಅಲ್ಲಿಗೆ ನಡೆಯುತ್ತಾರೆ. ದಾರಿಯಲ್ಲಿ ಇಳಿಯಬಹುದಾ?

ಕೊಡಿಯಾಲ

ಹೋಗುವಾಗ ಬೀಟಿಗ್‌ಹೈಮ್ ಕಡೆಯಿಂದ ಹೋಗಿ, ಬರುವಾಗ ಲೌಫೆನ್ ಕಡೆಯ ದಾರಿ ಹಿಡಿಯಿರಿ. ಬ್ರಾಕೆನ್‌ಹೈಮ್ ಆ ದಾರಿಯಲ್ಲಿ ಸಿಗುತ್ತದೆ. ನಿಮ್ಮ ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್ ಎರಡೂ ಬಸ್ಸಿಗೆ ನಡೆಯುತ್ತದೆ, ಇಳಿದು ಹತ್ತಲು ಹೊಸ ಟಿಕೆಟ್ ಬೇಡ. ಆದರೆ ಸಂಜೆ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ, ಊರು ನೋಡುವುದಷ್ಟೇ. ಇಳಿಯುವ ಮೊದಲು ಮುಂದಿನ ಬಸ್ಸು ಎಷ್ಟು ಗಂಟೆಗೆ ಅಂತ ಚಾಲಕರನ್ನೇ ಕೇಳಿಕೊಳ್ಳಿ.